ಕುಂಡ ಕೊಳ್ಳುವ ಮೊದಲು ಕಿಟಕಿ ನೋಡಿ: ಹಸಿರು ಕಚೇರಿಗೆ ಜಾಗ ಆರಿಸುವ ಬಗೆ

ಬೆಂಗಳೂರಿನಲ್ಲಿ ಮೂವತ್ತು ನಲವತ್ತು ಜನ ಕೂತು ಕೆಲಸ ಮಾಡುವ ಕಚೇರಿಗೆ ಜಾಗ ಹುಡುಕಲು ಹೊರಟರೆ ಸಾಮಾನ್ಯವಾಗಿ ಮೂರು ಬಗೆಯ ಜಾಗ ಕಣ್ಣಿಗೆ ಬೀಳುತ್ತವೆ. ಹೊರವರ್ತುಲ ರಸ್ತೆಯಲ್ಲೋ ವೈಟ್‌ಫೀಲ್ಡ್‌ನಲ್ಲೋ ಗಾಜಿನ ಕಟ್ಟಡದ ಒಂದು ಮಹಡಿ. ಅದರ ಲಾಬಿಯಲ್ಲಿ ಹಸಿರು ಕಟ್ಟಡದ ಪ್ರಮಾಣಪತ್ರ ತೂಗುಹಾಕಿರುತ್ತಾರೆ. ಜಯನಗರ, ಮಲ್ಲೇಶ್ವರ, ಬಸವನಗುಡಿ ಕಡೆ ಕಾಂಪೌಂಡು, ಒಂದೆರಡು ಮರ ಇರುವ ಹಳೆಯ ಮನೆ. ಇಲ್ಲವೇ ಊರಾಚೆ, ಕನಕಪುರ ರಸ್ತೆಯಲ್ಲೋ ದೇವನಹಳ್ಳಿ ಕಡೆಗೋ, ಸ್ವಂತವಾಗಿ ಕಟ್ಟಿಕೊಳ್ಳಬಹುದಾದ ನಿವೇಶನ. ಪರಿಸರಕ್ಕೆ ಭಾರವಾಗದ, ಕೆಲಸ ಮಾಡುವವರಿಗೆ ಗಾಳಿ ಬೆಳಕು ಮರಗಿಡ ಸಿಗುವ ಕಚೇರಿ ಬೇಕು ಎನ್ನುವ ಆಸೆ ಮೂರರಲ್ಲೂ ಒಂದು ಮಟ್ಟಿಗೆ ಈಡೇರುತ್ತದೆ. ಖರ್ಚು ಮಾತ್ರ ಬೇರೆ ಬೇರೆ, ತಲೆನೋವೂ ಬೇರೆ ಬೇರೆ.

ಹೋಲಿಸುವಾಗ ನಾನು ಇಟ್ಟುಕೊಳ್ಳುವ ಅಳತೆ ಒಂದೇ. ಒಳಗೆ ಹೋದಮೇಲೆ ಯಾವುದನ್ನು ಬದಲಾಯಿಸಲು ಆಗುವುದಿಲ್ಲವೋ ಅದನ್ನು ಮೊದಲು ಆರಿಸಬೇಕು. ಕಟ್ಟಡ ಯಾವ ದಿಕ್ಕಿಗಿದೆ, ಕಿಟಕಿ ತೆರೆಯುತ್ತದೆಯೇ, ಕೂತ ಜಾಗದಿಂದ ಕಿಟಕಿ ಎಷ್ಟು ದೂರ, ಸುತ್ತ ಮಣ್ಣಿದೆಯೇ, ಬಸ್ಸು ಮೆಟ್ರೊ ಎಷ್ಟು ಹತ್ತಿರ. ಕುಂಡ, ಬಣ್ಣ, ಮೇಜು ಕುರ್ಚಿಗಳನ್ನು ಮುಂದಿನ ತಿಂಗಳೂ ತರಬಹುದು, ಮುಂದಿನ ವರ್ಷವೂ ತರಬಹುದು. ಆದರೆ ಬಹಳಷ್ಟು ಕಡೆ ಹಸಿರಿಗೆಂದು ಎತ್ತಿಟ್ಟ ಹಣವೆಲ್ಲ ಈ ಎರಡನೆಯ ಪಟ್ಟಿಗೇ ಹೋಗುತ್ತದೆ.

ಮರ ಕಣ್ಣಿಗೆ ಬೀಳುವುದರಿಂದ ಏನಾಗುತ್ತದೆ ಎನ್ನುವುದಕ್ಕೆ ಎಲ್ಲರೂ ನೆನೆಯುವ ಅಧ್ಯಯನ ರೋಜರ್ ಉಲ್ರಿಕ್ ಅವರದು, 1984ರದ್ದು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದ 46 ಜನರ ದಾಖಲೆಗಳನ್ನು ಅವರು ಜೋಡಿ ಜೋಡಿಯಾಗಿ ಹೋಲಿಸಿದರು. ಅರ್ಧ ಜನರ ಕಿಟಕಿಯಾಚೆ ಮರಗಳಿದ್ದವು, ಉಳಿದರ್ಧ ಜನರಿಗೆ ಇಟ್ಟಿಗೆ ಗೋಡೆ ಕಾಣುತ್ತಿತ್ತು. ಮರ ಕಂಡವರು ಬೇಗ ಮನೆಗೆ ಹೋದರು, ಬಲವಾದ ನೋವುನಿವಾರಕಗಳನ್ನೂ ಕಡಿಮೆ ತೆಗೆದುಕೊಂಡರು. ಅಲ್ಲಿ ಲೆಕ್ಕಕ್ಕೆ ಬಂದದ್ದು ಕೋಣೆಯ ಅಲಂಕಾರವಲ್ಲ, ಕಿಟಕಿಯಾಚೆ ಏನಿತ್ತು ಎನ್ನುವುದು. ಕಚೇರಿಗೂ ಇದೇ ಮಾತು ಸಲ್ಲುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಮೂರು ಜಾಗಗಳಲ್ಲಿ ಯಾವುದು?

ಗಾಜಿನ ಕಟ್ಟಡವನ್ನು ಸುಮ್ಮನೆ ಹಳಿಯುವುದು ಸುಲಭ, ಅದರಲ್ಲಿ ಒಳ್ಳೆಯದೂ ಇದೆ. ಇಡೀ ಕಟ್ಟಡಕ್ಕೆ ಒಟ್ಟಿಗೆ ತಂಪು ಕೊಡುವ ಚಿಲ್ಲರ್ ಯಂತ್ರ ಒಂದೊಂದು ಕೋಣೆಗೂ ಒಂದೊಂದು ಸ್ಪ್ಲಿಟ್ ಎಸಿ ಹಾಕಿಕೊಳ್ಳುವುದಕ್ಕಿಂತ ಕಡಿಮೆ ಕರೆಂಟಿನಲ್ಲಿ ತಂಪು ಕೊಡಬಲ್ಲದು. ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ ಇರುತ್ತದೆ, ಆ ನೀರೇ ಶೌಚಾಲಯದ ಫ್ಲಶ್‌ಗೂ ತೋಟಕ್ಕೂ ಹೋಗುತ್ತದೆ. ಹೊರಗಿನ ಗಾಳಿಯನ್ನು ಸೋಸಿ ಒಳಗೆ ಬಿಡುವ ವ್ಯವಸ್ಥೆಯೂ ಇರುತ್ತದೆ. ತೊಂದರೆ ಇರುವುದು ಮಹಡಿಯ ಆಳದಲ್ಲಿ. ಕಿಟಕಿಯ ಬೆಳಕು ಒಳಗೆ ಸರಿಯಾಗಿ ಹರಡುವುದು ಕಿಟಕಿಯ ಮೇಲಂಚು ಎಷ್ಟು ಎತ್ತರವಿದೆಯೋ ಅದರ ಎರಡು, ಹೆಚ್ಚೆಂದರೆ ಎರಡೂವರೆ ಪಟ್ಟು ದೂರಕ್ಕೆ. ಎಂಟು ಅಡಿ ಎತ್ತರದ ಗಾಜಾದರೆ ಹದಿನಾರರಿಂದ ಇಪ್ಪತ್ತು ಅಡಿ. ಮಹಡಿ ನೂರು ಅಡಿ ಆಳವಿದ್ದರೆ ನಡುವೆ ಕೂತವರಿಗೆ ಹಗಲು ರಾತ್ರಿ ಎರಡೂ ಟ್ಯೂಬ್‌ಲೈಟೇ. ಮಳೆ ಬಂದದ್ದು ಕೂಡ ಅವರಿಗೆ ಗೊತ್ತಾಗುವುದು ಯಾರೋ ಒದ್ದೆಯಾಗಿ ಬಂದಾಗ.

ಇಂಥ ಕಡೆ ತೆಗೆದುಕೊಳ್ಳುವುದೇ ಆದರೆ ಉತ್ತರ ಅಥವಾ ದಕ್ಷಿಣದ ಅಂಚಿನ ಉದ್ದನೆಯ, ಕಿರಿದಾದ ಭಾಗ ಕೇಳಿ. ಪಶ್ಚಿಮದ ಗಾಜಿನ ಪಕ್ಕ ಬೇಡವೇ ಬೇಡ. ಮಾರ್ಚಿನಿಂದ ಮೇ ತನಕ ಮಧ್ಯಾಹ್ನ ಮೂರರ ಮೇಲೆ ಅಲ್ಲಿ ಪರದೆ ಇಳಿಸದೆ ಕೂರಲಾಗುವುದಿಲ್ಲ, ಪರದೆ ಇಳಿಸಿದಮೇಲೆ ಗಾಜಿದ್ದೂ ಪ್ರಯೋಜನವಿಲ್ಲ. ಇನ್ನೊಂದು ಮಾತು, ಇದಕ್ಕೆ ಕಾಸು ಖರ್ಚಿಲ್ಲ: ಮ್ಯಾನೇಜರ್ ಕ್ಯಾಬಿನ್, ಮೀಟಿಂಗ್ ರೂಮು, ಸರ್ವರ್ ರೂಮು, ಸ್ಟೋರುಗಳನ್ನು ಒಳಭಾಗಕ್ಕೆ ತಳ್ಳಿ, ದಿನಕ್ಕೆ ಎಂಟು ಗಂಟೆ ಒಂದೇ ಕಡೆ ಕೂರುವವರನ್ನು ಕಿಟಕಿ ಬದಿಗೆ ತನ್ನಿ. ಹೆಚ್ಚಿನ ಕಚೇರಿಗಳಲ್ಲಿ ನಡೆಯುವುದು ಇದರ ತದ್ವಿರುದ್ಧ.

ಹಳೆಯ ಮನೆಯ ದೊಡ್ಡ ಗುಣ, ಅದು ಆಗಲೇ ಕಟ್ಟಿ ನಿಂತಿದೆ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸುಮಾರು ಶೇ 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ಇರುವ ಗೋಡೆ, ಇರುವ ತಾರಸಿ ಬಳಸಿಕೊಂಡರೆ ಆ ಲೆಕ್ಕದಿಂದ ಬಹುಪಾಲು ಪಾರಾದಂತೆ. ಅರವತ್ತು ಎಪ್ಪತ್ತರ ದಶಕದಲ್ಲಿ ಕಟ್ಟಿದ ಮನೆಗಳಲ್ಲಿ ಕೋಣೆಗಳು ಹನ್ನೆರಡು ಹದಿನಾಲ್ಕು ಅಡಿ, ಎರಡು ಕಡೆ ಕಿಟಕಿ, ಕಿಟಕಿಗೆ ಸಜ್ಜಾ, ಮುಂದೆ ವರಾಂಡ. ರೆಡ್ ಆಕ್ಸೈಡ್ ನೆಲ ಬೇಸಿಗೆಯಲ್ಲೂ ಕಾಲಿಗೆ ತಂಪು. ಅಂಗಳದ ಮಾವು, ತೆಂಗು, ಸಂಪಿಗೆಗೆ ಆಗಲೇ ನಲವತ್ತು ಐವತ್ತು ವರ್ಷವಾಗಿರುತ್ತದೆ. ಎಷ್ಟು ದುಡ್ಡು ಕೊಟ್ಟರೂ ಅಂಥ ನೆರಳು ಮುಂದಿನ ವರ್ಷಕ್ಕೆ ಸಿದ್ಧವಾಗುವುದಿಲ್ಲ.

ಕಷ್ಟಗಳೂ ಇವೆ, ಅವನ್ನು ಮುಚ್ಚಿಡಬಾರದು. ವಸತಿ ಬಡಾವಣೆಯಲ್ಲಿ ಕಚೇರಿ ನಡೆಸಲು ಭೂಬಳಕೆಯ ನಿಯಮ ಒಪ್ಪುತ್ತದೆಯೇ, ಪಾಲಿಕೆ ಟ್ರೇಡ್ ಲೈಸೆನ್ಸ್ ಕೊಡುತ್ತದೆಯೇ ಎಂದು ಅಡ್ವಾನ್ಸ್ ಕೊಡುವ ಮೊದಲೇ ವಕೀಲರಿಂದ ತಿಳಿದುಕೊಳ್ಳಿ. ರಸ್ತೆಯ ಅಗಲ ಇದರಲ್ಲಿ ಮುಖ್ಯವಾಗುತ್ತದೆ. ಒಂದು ಸಂಸಾರಕ್ಕೆಂದು ಎಳೆದ ವೈರಿಂಗ್ ನಲವತ್ತು ಕಂಪ್ಯೂಟರುಗಳನ್ನು ತಾಳುವುದಿಲ್ಲ. ಶೌಚಾಲಯ ಸಾಲದು. ಗಾಲಿಕುರ್ಚಿಯಲ್ಲಿ ಬರುವವರಿಗೆ ಬಾಗಿಲ ಮೂರು ಮೆಟ್ಟಿಲೇ ದೊಡ್ಡ ತಡೆ, ಅಲ್ಲೊಂದು ಇಳಿಜಾರು ಕಟ್ಟಿಸಲೇಬೇಕು. ತಾರಸಿಯಲ್ಲಿ ನೀರು ಜಿನುಗುತ್ತಿದೆಯೇ ಎಂದು ನೋಡಲು ಮಳೆಗಾಲದಲ್ಲೇ ಒಮ್ಮೆ ಹೋಗಬೇಕು. ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ, ಎರಡು ವರ್ಷದಲ್ಲಿ ಮಾಲೀಕರು ಬಿಲ್ಡರ್‌ಗೆ ಮನೆ ಮಾರಿಬಿಡಬಹುದು.

ಸ್ವಂತ ಕಟ್ಟಡದಲ್ಲಿ ಎಲ್ಲವೂ ನಿಮ್ಮ ಕೈಯಲ್ಲಿ. ಏನೇನು ಮಾಡಬಹುದು ಎನ್ನುವುದಕ್ಕೆ ಬೆಂಗಳೂರಿನಲ್ಲೇ ಒಳ್ಳೆಯ ಉದಾಹರಣೆ ಇದೆ: ಇಂಧನ, ಪರಿಸರದ ಸಂಶೋಧನೆ ನಡೆಸುವ ಟೆರಿ ಸಂಸ್ಥೆಯ ದೊಮ್ಮಲೂರಿನ ಕಚೇರಿ, ವಾಸ್ತುಶಿಲ್ಪಿ ಸಂಜಯ್ ಮೋಹೆ ಅವರ ವಿನ್ಯಾಸ. ಆ ನಿವೇಶನದ ದಕ್ಷಿಣಕ್ಕೆ ನಾರುವ ಮೋರಿ ಇತ್ತು. ಗಾಳಿ ಬರಲೆಂದು ಆ ಕಡೆ ಕಿಟಕಿ ಇಟ್ಟರೆ ವಾಸನೆಯೂ ಜೊತೆಗೆ ಬರುತ್ತದೆ. ಹಾಗಾಗಿ ಕಟ್ಟಡ ಮೋರಿಗೆ ಬೆನ್ನು ಹಾಕಿ ಉತ್ತರಕ್ಕೆ ತೆರೆದುಕೊಂಡಿತು. ದಕ್ಷಿಣದ ಗೋಡೆಯನ್ನು ನಡುವೆ ಸಂದು ಬಿಟ್ಟು ಎರಡು ಪದರವಾಗಿ ಕಟ್ಟಿ, ಹೊರಪದರಕ್ಕೆ ಕಪ್ಪು ಕಡಪ ಕಲ್ಲು ಹಾಕಿದರು. ಬಿಸಿಲಿಗೆ ಕಲ್ಲು ಕಾದು ಸಂದಿನ ಗಾಳಿ ಮೇಲಕ್ಕೇರಿ ಹೊರಹೋಗುತ್ತದೆ, ಆ ಸೆಳೆತಕ್ಕೆ ಉತ್ತರದ ಕಿಟಕಿಗಳಿಂದ ತಂಪು ಗಾಳಿ ಕೋಣೆಗಳನ್ನು ಹಾದು ಬರುತ್ತದೆ. ನಿವೇಶನದ ಕೆಟ್ಟ ಗುಣವನ್ನೇ ಆಧಾರವಾಗಿಟ್ಟುಕೊಂಡು ವಿನ್ಯಾಸ ಮಾಡಿದ ಈ ಬುದ್ಧಿ ನನಗೆ ಅತ್ಯಂತ ಮೆಚ್ಚುಗೆಯದು. ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣವೂ ನೋಡಬೇಕಾದದ್ದೇ. ಬಿ.ವಿ. ದೋಶಿಯವರು ಅಲ್ಲಿ ಕೋಣೆಯಿಂದ ಕೋಣೆಗೆ ಹೋಗುವ ದಾರಿಯನ್ನೇ ಬೂದು ಕಲ್ಲಿನ, ಅರ್ಧ ತೆರೆದ, ಬಳ್ಳಿ ಹಬ್ಬಿದ ಮೊಗಸಾಲೆಯಾಗಿ ಮಾಡಿದರು. ತೋಟಕ್ಕೆ ಬಿಡುವು ಮಾಡಿಕೊಂಡು ಹೋಗಬೇಕಿಲ್ಲ, ದಿನದ ಓಡಾಟವೇ ತೋಟದೊಳಗೆ.

ಆದರೆ ಊರಾಚೆ ಕಟ್ಟುವ ಮೊದಲು ಒಂದು ಲೆಕ್ಕ ಹಾಕಿ. ನಲವತ್ತರಲ್ಲಿ ಇಪ್ಪತ್ತು ಜನ ಹೋಗಿಬರಲು ದಿನಕ್ಕೆ ತಲಾ 40 ಕಿ.ಮೀ. ಕಾರು ಓಡಿಸುತ್ತಾರೆ ಎನ್ನಿ. ಲೀಟರಿಗೆ 15 ಕಿ.ಮೀ. ಬಂದರೆ ದಿನಕ್ಕೆ ಸುಮಾರು 53 ಲೀಟರ್ ಪೆಟ್ರೋಲು. ಒಂದು ಲೀಟರ್ ಉರಿದರೆ 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್. ವರ್ಷದಲ್ಲಿ 240 ದಿನ ಹಿಡಿದರೂ 29 ಟನ್ ಆಯಿತು. ನಮ್ಮ ಗ್ರಿಡ್ಡಿನ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆ.ಜಿ. ಲೆಕ್ಕ ಹಾಕಿದರೆ ಇದು ತಿಂಗಳಿಗೆ ಸುಮಾರು 3,500 ಯೂನಿಟ್ ಉರಿಸಿದ್ದಕ್ಕೆ ಸಮ. ನಲವತ್ತು ಜನರ ಕಚೇರಿಯೊಂದರ ಇಡೀ ಎಸಿ, ದೀಪ, ಕಂಪ್ಯೂಟರ್‌ಗಳ ಬಳಕೆಗೆ ಹತ್ತಿರದ ಸಂಖ್ಯೆ ಅದು. ಮಣ್ಣಿನ ಇಟ್ಟಿಗೆಯಲ್ಲಿ ಎಷ್ಟೇ ಚೆಂದ ಕಟ್ಟಿದರೂ, ಬಸ್ಸು ಮೆಟ್ರೊ ಇಲ್ಲದ ಕಡೆ ಕಟ್ಟಿದರೆ ಉಳಿಸಿದ್ದೆಲ್ಲ ರಸ್ತೆಯಲ್ಲಿ ಹೋಗುತ್ತದೆ. ಅಲ್ಲೇ ಸುತ್ತಮುತ್ತಲ ಊರುಗಳಿಂದ ಕೆಲಸಕ್ಕೆ ಬರುವವರೇ ಹೆಚ್ಚು ಎಂದಾದರೆ ಮಾತು ಬೇರೆ.

ಒಟ್ಟಿನಲ್ಲಿ ಐವತ್ತು ಜನರೊಳಗಿನ ಕಚೇರಿಗೆ ನನ್ನ ಮೊದಲ ಆಯ್ಕೆ ಮೆಟ್ರೊ ನಿಲ್ದಾಣದಿಂದ ನಡೆದು ಹೋಗಬಹುದಾದ, ಕಾಗದಪತ್ರ ಸರಿಯಿರುವ ಹಳೆಯ ಮನೆ. ನೂರರ ಮೇಲಾದರೆ ಮನೆಗಳಲ್ಲಿ ಹಿಡಿಸುವುದಿಲ್ಲ. ಆಗ ಒಳ್ಳೆಯ ದಿಕ್ಕಿನ, ಆಳ ಕಡಿಮೆಯಿರುವ ಮಹಡಿ. ಹದಿನೈದು ಇಪ್ಪತ್ತು ವರ್ಷ ಒಂದೇ ಕಡೆ ಇರುತ್ತೇವೆ ಎನ್ನುವ ಶಾಲೆ, ಸಂಶೋಧನಾ ಸಂಸ್ಥೆ, ಕಾರ್ಖಾನೆಯ ಆಡಳಿತ ಕಚೇರಿಗಳಿಗೆ ಮಾತ್ರ ಹೊಸದಾಗಿ ಕಟ್ಟುವುದು ಸರಿ.

ಎಸಿ, ಫ್ಯಾನು, ಬರೀ ಕಿಟಕಿ

ರಾಷ್ಟ್ರೀಯ ಕಟ್ಟಡ ಸಂಹಿತೆ ಭಾರತವನ್ನು ಐದು ಹವಾಮಾನ ವಲಯಗಳಾಗಿ ವಿಂಗಡಿಸುತ್ತದೆ. ಬೆಂಗಳೂರು ಸಮಶೀತೋಷ್ಣ ವಲಯಕ್ಕೆ ಸೇರುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ, ಬೇಸಿಗೆಯ ರಾತ್ರಿಯೂ ತಕ್ಕಮಟ್ಟಿಗೆ ತಂಪು. ಹಾಗೆಂದು ಎಸಿ ಎಂದೂ ಬೇಡ ಎನ್ನುವ ಕಾಲವೂ ಅಲ್ಲ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತು, 2024ರ ಏಪ್ರಿಲ್‌ನಲ್ಲಿ 38.5.

ಹಾಗಾಗಿ ಬೆಂಗಳೂರಿಗೆ ಒಪ್ಪುವುದು ನಡುವಿನ ದಾರಿ: ವರ್ಷದ ಬಹುಪಾಲು ಕಿಟಕಿ ಮತ್ತು ಫ್ಯಾನು, ಮಾರ್ಚಿನಿಂದ ಮುಂಗಾರು ಬರುವ ತನಕ ಮಧ್ಯಾಹ್ನಗಳಿಗೆ ಎಸಿ. ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ಮೈಮೇಲೆ ಗಾಳಿ ಹಾಯಿಸಿ ಎರಡು ಮೂರು ಡಿಗ್ರಿ ಕಡಿಮೆಯಾದ ಹಿತ ಕೊಡುತ್ತದೆ. ಹಳೆಯ ಫ್ಯಾನು 75 ವ್ಯಾಟ್ ಎಳೆದರೆ ಹೊಸ ಬಗೆಯ ಮೋಟರಿರುವ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಆಸುಪಾಸು ಸಾಕು. ಒಂದೂವರೆ ಟನ್ನಿನ ಎಸಿ ಪೂರ್ತಿ ಓಡುವಾಗ ಸುಮಾರು 1,500 ವ್ಯಾಟ್. ಎಸಿ ಹಾಕಿದಾಗಲೂ ಫ್ಯಾನು ನಿಲ್ಲಿಸಬೇಡಿ. ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿದರೆ ಶೇ 6ರಷ್ಟು ಕರೆಂಟು ಉಳಿಯುತ್ತದೆ ಎಂದು ಇಂಧನ ದಕ್ಷತೆಯ ಕೇಂದ್ರ ಸಂಸ್ಥೆ ಬಿಇಇ ಅಂದಾಜಿಸಿದೆ. ಕೋಣೆಗೆ ಹಾಕುವ ಸ್ಟಾರ್ ಎಸಿಗಳು 2020ರಿಂದ 24 ಡಿಗ್ರಿಯಲ್ಲೇ ಶುರುವಾಗುವಂತೆ ಬರುವುದು ಇದೇ ಕಾರಣಕ್ಕೆ. ಇಪ್ಪತ್ತಕ್ಕೆ ಇಟ್ಟು ಸ್ವೆಟರ್ ಹಾಕಿಕೊಳ್ಳುವ ಅಭ್ಯಾಸ ಬಿಟ್ಟು 26ಕ್ಕೆ ಇಟ್ಟು ಫ್ಯಾನು ಹಾಕಿ ನೋಡಿ.

ಒಂದು ವಿಷಯ ಬಹಳ ಜನರ ಗಮನಕ್ಕೇ ಬಂದಿಲ್ಲ: ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯ ಗಾಳಿಯನ್ನೇ ತಿರುಗಿಸಿ ತಿರುಗಿಸಿ ತಂಪು ಮಾಡುತ್ತದೆ. ಬಾಗಿಲು ಕಿಟಕಿ ಮುಚ್ಚಿ ಹತ್ತು ಜನ ಕೂತರೆ ಸ್ವಲ್ಪ ಹೊತ್ತಿಗೇ ಉಸಿರಿನ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಊಟದ ಮೇಲೆ ಬರುವ ಮಂಪರಿಗೆ ಅನ್ನ ಸಾರನ್ನಷ್ಟೇ ದೂರಬೇಡಿ. ಹಾರ್ವರ್ಡ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 24 ಜನರನ್ನು ಆರು ದಿನ ಕಚೇರಿಯಂಥ ಕೋಣೆಯಲ್ಲಿ ಕೂರಿಸಿ, ಅವರಿಗೆ ತಿಳಿಸದೆ ಗಾಳಿಯನ್ನು ಬದಲಾಯಿಸುತ್ತಾ ಹೋದರು. ಹೊರಗಾಳಿ ಹೆಚ್ಚು ಬಂದ ದಿನಗಳಲ್ಲಿ ನಿರ್ಧಾರ ತೆಗೆದುಕೊಳ್ಳುವ ಪರೀಕ್ಷೆಗಳ ಅಂಕ ಎದ್ದು ಕಾಣುವಷ್ಟು ಮೇಲೇರಿತ್ತು. ಸಣ್ಣ ಸಿಒ2 ಮಾಪಕವೊಂದನ್ನು ಮೀಟಿಂಗ್ ರೂಮಿನಲ್ಲಿಡಿ. ಹೊರಗೆ 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ) ಆಸುಪಾಸು ಇರುವುದು ಒಳಗೆ 1,000 ದಾಟಿತೆಂದರೆ ಕಿಟಕಿ ತೆರೆಯಬೇಕು, ಇಲ್ಲವೇ ಗಾಳಿ ಎಳೆಯುವ ಫ್ಯಾನು ಹಾಕಿಸಬೇಕು.

ಕಿಟಕಿ ತೆರೆದರೆ ಧೂಳು, ಸದ್ದು, ಸೊಳ್ಳೆ ಎನ್ನುತ್ತೀರಿ, ನಿಜ. ಮುಖ್ಯರಸ್ತೆಗೆ ತಾಗಿದ ಕಟ್ಟಡದಲ್ಲಿ ಇದಕ್ಕೆ ಉತ್ತರವೇ ಇಲ್ಲ, ಅಲ್ಲಿ ಮುಚ್ಚಿದ ಕಿಟಕಿ ಮತ್ತು ಸೋಸಿದ ಗಾಳಿಯೇ ಲೇಸು. ಅಡ್ಡರಸ್ತೆಯಾದರೆ ಸೊಳ್ಳೆ ಜಾಲರಿ ಹಾಕಿಸಿ. ಜಾಲರಿ ಗಾಳಿಯನ್ನು ಕಡಿಮೆ ಮಾಡುವುದರಿಂದ ಕಿಟಕಿಗಳೂ ದೊಡ್ಡವೇ ಇರಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ನೈಋತ್ಯದ ಗಾಳಿ, ಚಳಿಗಾಲದಲ್ಲಿ ಪೂರ್ವದ ಕಡೆಯದು. ಎದುರು ಬದುರು ಕಿಟಕಿ ಇದ್ದರೆ ಎರಡೂ ಕಾಲಕ್ಕೆ ಒದಗುತ್ತದೆ. ಒಂದೇ ಗೋಡೆಯಲ್ಲಿ ಎಷ್ಟು ಕಿಟಕಿ ಇದ್ದರೂ ಗಾಳಿ ಹಾಯುವುದಿಲ್ಲ.

ಹೊಸದಾಗಿ ದೊಡ್ಡದು ಕಟ್ಟುವವರು ಇನ್ನೊಂದು ದಾರಿಯನ್ನೂ ನೋಡಬಹುದು. ಹೈದರಾಬಾದಿನ ಪೋಚಾರಂನಲ್ಲಿ ಇನ್ಫೋಸಿಸ್ ಒಂದೇ ಕಟ್ಟಡದ ಅರ್ಧಕ್ಕೆ ಮಾಮೂಲಿ ಎಸಿ, ಇನ್ನರ್ಧಕ್ಕೆ ಕಾಂಕ್ರೀಟ್ ಚಾವಣಿಯೊಳಗೆ ತಣ್ಣೀರಿನ ಕೊಳವೆ ಹಾಯಿಸಿ ತಂಪು ಮಾಡುವ ವ್ಯವಸ್ಥೆ ಇಟ್ಟು ಎರಡನ್ನೂ ಅಳೆಯಿತು. ಕೊಳವೆಯ ಭಾಗ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿಯಲ್ಲಿ ನಡೆಯಿತು. ಆದರೆ ಬಾಡಿಗೆ ಜಾಗಕ್ಕೆ ಇದು ಹೊಂದುವ ಮಾತಲ್ಲ.

ಗಿಡ ಎಲ್ಲಿರಬೇಕು: ಮೇಜಿನ ಮೇಲೋ, ಗೋಡೆಯ ಮೇಲೋ, ಮಣ್ಣಿನಲ್ಲೋ?

ಸ್ನೇಕ್ ಪ್ಲಾಂಟ್ ಇಟ್ಟರೆ ಗಾಳಿ ಶುದ್ಧವಾಗುತ್ತದೆ ಎನ್ನುವ ಮಾತು ನರ್ಸರಿಯಿಂದ ನರ್ಸರಿಗೆ ಹರಿದಾಡುತ್ತದೆ. ಅದರ ಬೇರು ಇರುವುದು 1989ರ ನಾಸಾ ವರದಿಯಲ್ಲಿ. ಆ ಪ್ರಯೋಗ ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ. ಅಂಥ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಲೆಕ್ಕ ಮಾಡಿದರು. ಕಟ್ಟಡದಲ್ಲಿ ಸಹಜವಾಗಿ ಆಗುವ ಗಾಳಿಯ ಓಡಾಟಕ್ಕೆ ಸಮವಾಗಬೇಕಾದರೆ ನೆಲದ ಒಂದೊಂದು ಚದರ ಮೀಟರಿಗೂ 10ರಿಂದ 1,000 ಗಿಡ ಬೇಕು. ಅಂದರೆ ಗಾಳಿಗಾಗಿ ಗಿಡ ತರುವುದರಲ್ಲಿ ಅರ್ಥವಿಲ್ಲ. ಕಣ್ಣಿಗಾಗಿ, ಕೈಗಾಗಿ ತನ್ನಿ. ಬೆಳಿಗ್ಗೆ ಬಂದವರು ಚಿಗುರು ನೋಡಿ, ಒಣಗಿದೆಲೆ ಕಿತ್ತು, ನೀರು ಹಾಕುವುದರಲ್ಲಿ ಬೇರೆಯದೇ ಸುಖವಿದೆ. ಕಿಟಕಿಯಿಂದ ದೂರಕ್ಕೆ ಜೀಜೀ ಪ್ಲಾಂಟ್, ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಬಾಳುತ್ತವೆ. ಅರೆಕಾ ಪಾಮಿಗೆ ಬೆಳಕು ಬೇಕು. ಕುಂಡದ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ, ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ.

ರಿಸೆಪ್ಷನ್‌ನಲ್ಲಿ ಗೋಡೆತುಂಬ ಗಿಡ ನೆಡುವ ಹಸಿರುಗೋಡೆಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಪಂಪು, ಡ್ರಿಪ್ಪು, ದಿನವಿಡೀ ಕೃತಕ ಬೆಳಕು, ಸತ್ತ ಗಿಡ ಬದಲಿಸಲು ವರ್ಷವರ್ಷ ಗುತ್ತಿಗೆ. ಒಂದು ವಾರ ಮೋಟರು ಕೆಟ್ಟರೆ ಇಡೀ ಗೋಡೆ ಕಂದುತ್ತದೆ. 2024ರ ಮಾರ್ಚಿನಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಹಾಕಿತು. ಅಂಥ ಬೇಸಿಗೆ ಮತ್ತೆ ಬರುತ್ತದೆ. ಗೋಡೆಗೆ ಹಸಿರು ಬೇಕೇ ಬೇಕೆಂದರೆ ನೆಲದ ಮಣ್ಣಿನಿಂದ ಬಳ್ಳಿ ಹಬ್ಬಿಸಿ. ಪಶ್ಚಿಮದ ಗೋಡೆಯಿಂದ ಒಂದೆರಡು ಅಡಿ ಬಿಟ್ಟು ತಂತಿ ಬಲೆ ಕಟ್ಟಿ ಜಾಜಿ, ಶಂಖಪುಷ್ಪ, ರಂಗೂನ್ ಬಳ್ಳಿ ಬಿಟ್ಟರೆ ಒಂದೆರಡು ಮಳೆಗಾಲದಲ್ಲಿ ಗೋಡೆಗೆ ನೆರಳು ಸಿಗುತ್ತದೆ. ಹಿತ್ತಲ ಕಡೆಯಾದರೆ ಬಸಳೆ ಚಪ್ಪರವನ್ನೇ ಹಾಕಿ, ಪ್ಯಾಂಟ್ರಿಗೂ ಆಗುತ್ತದೆ.

ತಾರಸಿ ತೋಟ ಮಾಡುವವರು ಭಾರದ ಲೆಕ್ಕ ತಿಳಿದಿರಬೇಕು. ಒಂದಡಿ ದಪ್ಪ ಒದ್ದೆ ಮಣ್ಣು ಚದರ ಮೀಟರಿಗೆ ಸುಮಾರು 500 ಕೆ.ಜಿ. ತೂಗುತ್ತದೆ. ಜನ ಓಡಾಡುವ ಸಾಮಾನ್ಯ ತಾರಸಿಗೆ ಹಿಡಿಯುವ ಹೊರೆ 150 ಕೆ.ಜಿ. ಹಾಗಾಗಿ ಹಳೆಯ ಮನೆಯ ತಾರಸಿಯ ಮೇಲೆ ಮಣ್ಣು ಸುರಿಯಬೇಡಿ. ಬಿಳಿ ಬಣ್ಣವೋ ಸುಣ್ಣವೋ ಬಳಿದು ತಾರಸಿಯ ಕಾವು ಇಳಿಸಿ, ಕುಂಡಗಳನ್ನು ಗೋಡೆ, ತೊಲೆಗಳ ನೇರಕ್ಕೆ ಜೋಡಿಸಿ, ನಡುವೆ ಹಗುರವಾದ ಚಪ್ಪರ ಹಾಕಿ ಊಟಕ್ಕೆ ನಾಲ್ಕು ಬೆಂಚು ಇಡಿ. ಹೈದರಾಬಾದಿನಲ್ಲಿ 2004ರಲ್ಲಿ ಶುರುವಾದ, ಉದ್ಯಮಗಳ ಒಕ್ಕೂಟ ಸಿಐಐನ ಗೋದ್ರೆಜ್ ಹಸಿರು ಕೇಂದ್ರದ ಚಾವಣಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ತೋಟವೇ. ಅದನ್ನು ಕಟ್ಟುವಾಗಲೇ ಹಾಗೆ ಲೆಕ್ಕ ಹಾಕಿ ಕಟ್ಟಿದ್ದು.

ಇನ್ನು ಮಣ್ಣು. ನಾಲ್ಕು ಚದರಡಿ ಬರಿಮಣ್ಣು ಸಿಕ್ಕರೂ ಅದು ನಲವತ್ತು ಕುಂಡಕ್ಕಿಂತ ಬೆಲೆಬಾಳುತ್ತದೆ, ಏಕೆಂದರೆ ಅಲ್ಲಿ ಹುಳ ಹುಪ್ಪಟೆ ಬರುತ್ತವೆ, ಅವುಗಳ ಹಿಂದೆ ಹಕ್ಕಿ ಬರುತ್ತವೆ. ಒಂದು ಕರಿಬೇವು, ಒಂದು ನಿಂಬೆ ನೆಟ್ಟರೆ ಮಾರ್ಮನ್ ಚಿಟ್ಟೆಗಳು ಎಲೆಯ ಮೇಲೆ ಮೊಟ್ಟೆ ಇಡುತ್ತವೆ. ಹಕ್ಕಿ ಹಿಕ್ಕೆಯಂತೆ ಕಾಣುವ ಮರಿಹುಳ ಹಸಿರು ಬಣ್ಣಕ್ಕೆ ತಿರುಗುವುದನ್ನು ಇಡೀ ಕಚೇರಿ ಊಟದ ಹೊತ್ತಿಗೆ ಬಂದು ನೋಡಬಹುದು. ಔಷಧಿ ಹೊಡೆಯಬೇಡಿ, ತಿಂದಷ್ಟು ಎಲೆ ಮತ್ತೆ ಚಿಗುರುತ್ತದೆ. ದಾಸವಾಳಕ್ಕೆ ಸೂರಕ್ಕಿ ಬರುತ್ತದೆ. ಸಂಪಿಗೆ, ಅತ್ತಿ, ನೇರಳೆಗೆ ಕುಟ್ರುಹಕ್ಕಿ, ಪಿಕಳಾರ. ಆದರೆ ಅತ್ತಿಯನ್ನು ಗೋಡೆ, ಚರಂಡಿಯ ಹತ್ತಿರ ನೆಡಬಾರದು, ಬೇರು ಅವನ್ನು ಸೀಳದೆ ಬಿಡುವುದಿಲ್ಲ. ನೇರಳೆ ಕೆಳಗೆ ಗಾಡಿ ನಿಲ್ಲಿಸಿದವರು ಹಣ್ಣಿನ ಕಾಲದಲ್ಲಿ ಜಗಳಕ್ಕೆ ಬರುತ್ತಾರೆ. ಗುಲ್‌ಮೊಹರ್ ನೋಡಲು ಚೆಂದ, ಬಿರುಗಾಳಿಗೆ ಬೇಗ ಮುರಿಯುತ್ತದೆ. ಒಂದೇ ಮರಕ್ಕೆ ಜಾಗವಿದ್ದರೆ ಪಶ್ಚಿಮ ದಿಕ್ಕಿನಲ್ಲಿ ಹೊಂಗೆ ನೆಡಿ. ಅದರ ಎಲೆ ಉದುರಿ ಬೋಳಾಗಿರುವುದು ಕೆಲವೇ ದಿನ, ಯುಗಾದಿ ಹೊತ್ತಿಗೆ ಹೊಸ ಚಿಗುರಿನಲ್ಲಿ ನಿಂತಿರುತ್ತದೆ, ಬಿಸಿಲು ಹೆಚ್ಚಿದ ಹೊತ್ತಿಗೆ ನೆರಳು ದಟ್ಟವಾಗಿರುತ್ತದೆ. ಜೇನಿಗೂ ಅದು ಇಷ್ಟ.

ನೀರು, ನೆಲ, ಪ್ರಮಾಣಪತ್ರ

ಕಚೇರಿಯಲ್ಲಿ ಒಬ್ಬರಿಗೆ ದಿನಕ್ಕೆ 45 ಲೀಟರ್ ನೀರು ಎಂದು ಸಂಹಿತೆ ಲೆಕ್ಕ ಹಿಡಿಯುತ್ತದೆ. ನಲವತ್ತು ಜನರಿಗೆ ವರ್ಷದ 240 ಕೆಲಸದ ದಿನಕ್ಕೆ ಸುಮಾರು 4.3 ಲಕ್ಷ ಲೀಟರ್. ಬೆಂಗಳೂರಿನ ಮಳೆ ವರ್ಷಕ್ಕೆ 970 ಮಿ.ಮೀ. ಆಸುಪಾಸು, 1,500 ಚದರಡಿ ತಾರಸಿಯಿಂದ ಸೋರಿಕೆ ಕಳೆದು ಲಕ್ಷ ಲೀಟರಿನ ಮೇಲೆ ಸಿಗುತ್ತದೆ. ಅಂದರೆ ಕಾಲು ಪಾಲು. ಸಂಪು ದೊಡ್ಡದಿದ್ದರೆ ತುಂಬಿಸಿ, ಇಲ್ಲದಿದ್ದರೆ ಇಂಗುಬಾವಿಗೆ ಬಿಡಿ. ನಲ್ಲಿಗೆ ನೀರಿನ ಹರಿವು ತಗ್ಗಿಸುವ ಏರೇಟರ್ ಹಾಕಿಸುವುದು ಮೊದಲ ವಾರದ ಕೆಲಸ. ಜಯನಗರದಲ್ಲಿರುವ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನಕ್ಕೆ ಒಮ್ಮೆ ಹೋಗಿಬಂದರೆ ಸೋಸುವ, ಇಂಗಿಸುವ ಬಗೆಗಳನ್ನೆಲ್ಲ ಕಣ್ಣಾರೆ ನೋಡಬಹುದು.

ಗೋಡೆಗೆ ಸುಟ್ಟ ಇಟ್ಟಿಗೆಯೋ ಕಾಂಕ್ರೀಟ್ ಬ್ಲಾಕೋ ಒತ್ತಿದ ಮಣ್ಣಿನ ಬ್ಲಾಕೋ ಎಂಬ ಪ್ರಶ್ನೆ ಹೊಸದಾಗಿ ಕಟ್ಟುವವರಿಗೆ ಮಾತ್ರ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಮಣ್ಣಿನ ಬ್ಲಾಕಿನ ಮೇಲೆ ದಶಕಗಟ್ಟಲೆ ಕೆಲಸ ಮಾಡಿದೆ, ಊರಲ್ಲಿ ಆ ಕೆಲಸ ಬಲ್ಲ ಮೇಸ್ತ್ರಿಗಳೂ ಇದ್ದಾರೆ. ಮಣ್ಣು ಪರೀಕ್ಷೆ ಮಾಡಿಸಿ, ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತುತ್ತಾರೆ, ಸುಡುವುದಿಲ್ಲ. ಪಾಯ ತೋಡಿದ ಮಣ್ಣೇ ಗೋಡೆಯಾಗಬಹುದು. ಮಳೆ ನೇರ ಬಡಿಯುವ ಕಡೆ ಚಾವಣಿಯನ್ನು ಅಗಲವಾಗಿ ಮುಂಚಾಚಬೇಕು. ನೆಲಕ್ಕೆ ದೂರದಿಂದ ಬಂದ ಮಾರ್ಬಲ್ಲಿಗಿಂತ ಸಾದರಹಳ್ಳಿ ಕಲ್ಲು, ಕಡಪ, ಆಕ್ಸೈಡ್ ಒಳ್ಳೆಯವು. ಹಳೆ ಮನೆಯ ಆಕ್ಸೈಡ್ ನೆಲದ ಮೇಲೆ ದಯವಿಟ್ಟು ಟೈಲ್ಸ್ ಹಾಕಿಸಬೇಡಿ.

ಲೀಡ್, ಐಜಿಬಿಸಿ, ಗೃಹ ಎಂಬ ಮೂರು ಪ್ರಮಾಣಪತ್ರಗಳು ನಮ್ಮಲ್ಲಿ ಹೆಚ್ಚು ಚಲಾವಣೆಯಲ್ಲಿವೆ. ಲೀಡ್ ಅಮೆರಿಕದ್ದು, ಐಜಿಬಿಸಿ ಸಿಐಐನ ಅಂಗ, ಗೃಹವನ್ನು ಟೆರಿ ಮತ್ತು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಕೂಡಿ ರೂಪಿಸಿದವು. ವಿದೇಶಿ ಗ್ರಾಹಕರು ಕಾಗದ ಕೇಳುವ ಕಂಪನಿಗೆ ಲೀಡ್ ಬೇಕಾಗುತ್ತದೆ. ಸರ್ಕಾರಿ ಕಟ್ಟಡಗಳಲ್ಲಿ ಗೃಹ ಹೆಚ್ಚಾಗಿ ಕಾಣುತ್ತದೆ. ಬಾಡಿಗೆಗೆ ಹೋಗುವ ಚಿಕ್ಕ ಕಚೇರಿಗೆ ಇದರಿಂದ ಸಿಗುವುದು ಕಡಿಮೆ. ಪ್ರಮಾಣಪತ್ರ ಬಹುಮಟ್ಟಿಗೆ ಕಟ್ಟಿದ ಹೊತ್ತಿನ ವಿನ್ಯಾಸಕ್ಕೆ ಕೊಟ್ಟದ್ದು. ಪತ್ರದ ಬದಲು ಹಿಂದಿನ ಹನ್ನೆರಡು ತಿಂಗಳ ಕರೆಂಟು, ನೀರು, ಟ್ಯಾಂಕರ್ ಬಿಲ್ಲುಗಳನ್ನು ತೋರಿಸಿ ಎಂದು ಕೇಳಿ. ಬಿಲ್ಲು ಹೇಳುವಷ್ಟು ನಿಜವನ್ನು ಫಲಕ ಹೇಳುವುದಿಲ್ಲ.

ಇಲ್ಲಿ ಹೇಳಿದ್ದೆಲ್ಲ ಬೆಂಗಳೂರು, ಮೈಸೂರು, ಹಾಸನದಂಥ ಕಡೆಗೆ ಹೊಂದುತ್ತದೆ. ಮಂಗಳೂರಿನ ಸೆಕೆಯಲ್ಲಿ ದಪ್ಪ ಗೋಡೆಯಿಂದ ಲಾಭ ಕಡಿಮೆ. ಅಲ್ಲಿ ಹಂಚಿನ ಇಳಿಮಾಡು, ಅಗಲ ಜಗಲಿ, ಎಡೆಬಿಡದ ಗಾಳಿ ಬೇಕು. ಕಲಬುರಗಿ, ರಾಯಚೂರಿನ ಒಣಬಿಸಿಲಿಗೆ ಇದರ ವಿರುದ್ಧ: ಕಲ್ಲಿನ ದಪ್ಪ ಗೋಡೆ, ಸಣ್ಣ ಕಿಟಕಿ, ಹಗಲು ಮುಚ್ಚಿ ರಾತ್ರಿ ತೆರೆಯುವುದು. ಗಾಳಿ ಒಣಗಿರುವುದರಿಂದ ಅಲ್ಲಿ ನೀರಿನ ಕೂಲರೇ ಚೆನ್ನಾಗಿ ಕೆಲಸ ಮಾಡುತ್ತದೆ, ಎಸಿಗೆ ಹೋಗುವ ಅಗತ್ಯ ಕಡಿಮೆ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು

ಜಾಗ ನೋಡಲು ಬೆಳಿಗ್ಗೆ ಹನ್ನೊಂದಕ್ಕೆ ಹೋಗಬೇಡಿ, ಆ ಹೊತ್ತಿಗೆ ಎಲ್ಲ ಜಾಗವೂ ಚೆನ್ನಾಗಿಯೇ ಕಾಣುತ್ತದೆ. ಮಧ್ಯಾಹ್ನ ಮೂರೂವರೆಗೆ ಹೋಗಿ, ಲೈಟು ಎಸಿ ಎಲ್ಲ ಆರಿಸಲು ಹೇಳಿ, ಕಾಲು ಗಂಟೆ ಸುಮ್ಮನೆ ಕೂತು ನೋಡಿ. ಓದಲು ಬೆಳಕಿದೆಯೇ, ಬೆವರು ಬರುತ್ತಿದೆಯೇ, ರಸ್ತೆಯ ಸದ್ದು ಎಷ್ಟು ಎಂದು ಆಗ ತಿಳಿಯುತ್ತದೆ.

ಹಳೆಯ ಮನೆಯಾದರೆ ಲೀಸನ್ನು ಕನಿಷ್ಠ ಐದು ವರ್ಷಕ್ಕೆ ಮಾಡಿ ನೋಂದಣಿ ಮಾಡಿಸಿ. ಅಂಗಳದ ಮರಗಳ ಹೆಸರನ್ನು ಒಂದೊಂದಾಗಿ ಒಪ್ಪಂದದಲ್ಲಿ ಬರೆಸಿ, ನಿಮ್ಮನ್ನು ಕೇಳದೆ ಕಡಿಯುವಂತಿಲ್ಲ ಎಂದು ಸೇರಿಸಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೂ ಇದೆ; ಸ್ವಂತ ನಿವೇಶನದ ಮರವಾದರೂ ಕಡಿಯಲು ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೆಲವು ಮಾಲೀಕರಿಗೆ ಇದು ಗೊತ್ತಿರುವುದಿಲ್ಲ, ಪಾರ್ಕಿಂಗಿಗೆ ಜಾಗ ಮಾಡಿಕೊಡುತ್ತೇನೆಂದು ನಿಮಗೆ ಉಪಕಾರವೆಂಬಂತೆ ಕೊಡಲಿ ತಂದುಬಿಡುತ್ತಾರೆ. ಅಂಗಳಕ್ಕೆ ಕಾಂಕ್ರೀಟ್ ಸುರಿದಿದ್ದರೆ ಮರದ ಬುಡದ ಸುತ್ತ ನಾಲ್ಕಡಿಯಾದರೂ ಒಡೆಸಿ ಮಣ್ಣು ಬಿಡಿಸಿಕೊಡಬೇಕೆಂದು ಕೇಳಿ. ತೆಂಗಿನ ಮರವಿದ್ದರೆ ಕಾಯಿ ಕೀಳಿಸುವ ಹೊಣೆ ಯಾರದು ಎನ್ನುವುದನ್ನೂ ಬರೆದುಕೊಳ್ಳಿ.

ಗಾಜಿನ ಕಟ್ಟಡವಾದರೆ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಮೇಲ್‌ನಲ್ಲೇ ತರಿಸಿಕೊಳ್ಳಿ: ನಮ್ಮ ಭಾಗಕ್ಕೆ ಬೇರೆ ಕರೆಂಟ್ ಮೀಟರ್ ಇದೆಯೇ, ಎಸಿಯ ಉಷ್ಣತೆ ನಾವೇ ಇಡಬಹುದೇ, ಯಾವ ಕಿಟಕಿಯಾದರೂ ತೆರೆಯುತ್ತದೆಯೇ. ಬೇರೆ ಮೀಟರ್ ಇಲ್ಲದ ಕಡೆ ನೀವು ಎಷ್ಟು ಉಳಿಸಿದರೂ ಬಿಲ್ಲು ಚದರಡಿ ಲೆಕ್ಕದಲ್ಲೇ ಬರುತ್ತದೆ.